ಎರಡು ಕೊಟ್ಟಿಗೆಹಾರ

ಆರಿದ್ರೆ ಹುಟ್ಟಿದ ದಿನ

ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಇವತ್ತು ಎರಡು ಕೊಟ್ಟಿಗೆಹಾರ ಕಂಡವು. ಒಂದೇ ಫೋಲ್ಡರು, ಒಂದರ ಕೆಳಗೊಂದು, ಅಕ್ಷರಕ್ಕೆ ಅಕ್ಷರ ಒಂದೇ. ಒಂದು ಫೋಲ್ಡರಿನೊಳಗೆ ಒಂದೇ ಹೆಸರಿನ ಎರಡು ಫೈಲು ಇರಲು ಬರುವುದಿಲ್ಲ ಎಂದು ನನಗೆ ಕಲಿಸಿದವಳೇ ಅವಳು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಎರಡೇ.

ಬಣಕಲ್ ಒಂದೇ ಇತ್ತು. ಮೂಡಿಗೆರೆ ಒಂದೇ. ಚಾರ್ಮಾಡಿ, ಕಳಸ ಎಲ್ಲ ಒಂದೊಂದೇ. ಕೊಟ್ಟಿಗೆಹಾರ ಮಾತ್ರ ಎರಡು.

ಇವು ಮಳೆ ಲೆಕ್ಕದ ಫೈಲುಗಳು. ಬಣಕಲ್ ಹತ್ತಿರದ ಕಾಫಿ ತೋಟವೊಂದರಲ್ಲಿ ನಾನು ರೈಟರಾಗಿದ್ದವನು. ಚೆಕ್‌ರೋಲ್ ಬರೆಯುವುದು, ಬಟವಾಡೆಯ ದಿನ ಲೆಕ್ಕ ಒಪ್ಪಿಸುವುದು, ದಿನಾ ಬೆಳಗ್ಗೆ ಮಳೆ ಮಾಪಕ ನೋಡಿ ಇಂಚು, ಸೆಂಟಿನಲ್ಲಿ ಬರೆದಿಡುವುದು ನನ್ನ ಕೆಲಸವಾಗಿತ್ತು. ಸುತ್ತಲಿನ ತೋಟದವರ ಹಳೆಯ ಮಳೆ ಪುಸ್ತಕಗಳನ್ನು ಕೇಳಿ ತಂದು, ನಾನೂ ಅಣ್ಣನ ಮಗನೂ ಸೇರಿ ಈ ವರ್ಷ ಕಂಪ್ಯೂಟರಿಗೆ ಏರಿಸುತ್ತಿದ್ದೇವೆ. ಅವನು ಮಂಗಳೂರಿನಲ್ಲಿ ತನ್ನ ಹಳೆಯ ಯಂತ್ರದಲ್ಲಿ ಟೈಪು ಮಾಡಿ, ಎಲ್ಲವನ್ನೂ ಒಂದು ಗಂಟು ಕಟ್ಟಿ ಕಳಿಸುತ್ತಾನೆ. ನಾನು ಇಲ್ಲಿ ಟೈಪು ಮಾಡುತ್ತೇನೆ. ಇಬ್ಬರೂ ಫೈಲಿಗೆ ಊರಿನ ಹೆಸರನ್ನು ಕನ್ನಡದಲ್ಲೇ ಇಡುತ್ತೇವೆ. ಅದು ನನ್ನ ಹಠ.

ಒಂದನ್ನು ಅಳಿಸಲು ಹೋದವನನ್ನು ಮಗಳು ತಡೆದಳು. "ಅಳಿಸ್ಬೇಡಿ ಅಪ್ಪ. ನಂಗೆ ಇದು ಬೇಕು." ಎರಡೂ ಹೆಸರುಗಳನ್ನು ಬೈಟು ಬೈಟಾಗಿ ಬಿಡಿಸಿ ತೋರಿಸಿದಳು. ನಾನು ಇಟ್ಟದ್ದು 33 ಬೈಟ್. ಮಂಗಳೂರಿನಿಂದ ಬಂದದ್ದು 36.

ಚೀಟಿಯ ಮೇಲೆ ಲೆಕ್ಕ ಹಾಕಿದೆ. ಯೂನಿಕೋಡಿನಲ್ಲಿ ವ್ಯಂಜನಕ್ಕೊಂದು ಅಂಕೆ, ಗುಣಿತದ ಚಿಹ್ನೆಗೊಂದು ಅಂಕೆ, ಒತ್ತು ಕಟ್ಟುವ ಹಲಂತಕ್ಕೊಂದು ಅಂಕೆ. ಯುಟಿಎಫ್-8 ಎಂಬ ಕ್ರಮದಲ್ಲಿ ಬರೆದಿಟ್ಟರೆ ಇಂಥ ಪ್ರತಿಯೊಂದು ಕನ್ನಡದ ಅಂಕೆಗೂ 3 ಬೈಟ್ ಹಿಡಿಯುತ್ತದೆ. ಕ, ಒತ್ವ, ಟ, ಹಲಂತ, ಟ, ಗುಡಿಸು, ಗ, ಎತ್ವ, ಹ, ಇಳಿ, ರ. ಹನ್ನೊಂದು. ಹನ್ನೊಂದ್ಮೂರ್ಲಿ ಮೂವತ್ತಮೂರು. ನನ್ನದು ಸರಿ.

ಅವನದರಲ್ಲಿ ಮೂರು ಬೈಟು ಎಲ್ಲಿಂದ ಹೆಚ್ಚು ಬಂತು? ಮೊದಲ ಅಕ್ಷರದಲ್ಲೇ. ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಅಂಕೆಯಾಗಿಯೂ ಬರೆಯಬಹುದು, ಎತ್ವ ಒಂದು, ಕೊಂಬಿನಿಳಿ ಒಂದು ಎಂದು ಎರಡಾಗಿ ಬಿಡಿಸಿಯೂ ಬರೆಯಬಹುದು. ಕೈಯಲ್ಲಿ "ಕೊ" ಬರೆಯುವಾಗ ನಾವು ಮಾಡುವುದೂ ಇದನ್ನೇ. ಮೇಲೆ ಎತ್ವ ತಿರುಗಿಸುತ್ತೇವೆ, ಪಕ್ಕಕ್ಕೆ ಕೊಂಬು ಎಳೆಯುತ್ತೇವೆ. ಅಣ್ಣನ ಮಗನ ಯಂತ್ರ ಹೆಸರುಗಳನ್ನು ಬಿಡಿಸಿ ಇಡುವ ಜಾತಿಯದು. ನಮ್ಮದು ಕೊಟ್ಟ ಹಾಗೆ ಇಡುವ ಜಾತಿಯದು. ಯೂನಿಕೋಡಿನ ಪ್ರಕಾರ ಎರಡೂ ಸರಿ, ಎರಡೂ ಸಮ. ಆದರೆ ನಮ್ಮ ಯಂತ್ರದಲ್ಲಿ ಫೈಲು ಇಡುವ ವ್ಯವಸ್ಥೆ ನೋಡುವುದು ಬೈಟನ್ನು. ಅದರ ಪಾಲಿಗೆ ಇವು ಎರಡು ಬೇರೆ ಬೇರೆ ಊರು.

ಕನ್ನಡದಲ್ಲಿ ಹೀಗೆ ಎರಡು ರೂಪ ಇರುವ ಚಿಹ್ನೆಗಳು ಐದು: ಗುಡಿಸಿನ ದೀರ್ಘ, ಏತ್ವ, ಐತ್ವ, ಒತ್ವ, ಓತ್ವ. ಓತ್ವವನ್ನಂತೂ ಮೂರಾಗಿ ಒಡೆಯಬಹುದು. ಬಣಕಲ್, ಮೂಡಿಗೆರೆ, ಚಾರ್ಮಾಡಿ, ಕಳಸ ಈ ನಾಲ್ಕರಲ್ಲೂ ಆ ಐದರಲ್ಲಿ ಒಂದೂ ಇಲ್ಲ. ಅದಕ್ಕೇ ಅವು ಒಂದೊಂದೇ.

ಇಷ್ಟು ಗೊತ್ತಾದ ಮೇಲೂ ಬೆರಗು ಹೋಗಲಿಲ್ಲ. ನಮ್ಮ ಊರಿನಿಂದ ಘಾಟಿ ಕಡೆಗೆ ಸ್ವಲ್ಪ ದೂರ ಹೋದರೆ ಸಿಗುವ, ನೀರುದೋಸೆ ತಿನ್ನಲು ಬಸ್ಸು ನಿಲ್ಲುವ ಆ ಒಂದು ಊರು ಯಂತ್ರದೊಳಗೆ ಎರಡು.

ಆರಿದ್ರೆ, ನಾಲ್ಕನೇ ದಿನ

ಮಗಳು ಯಾಕೆ "ಬೇಕು" ಎಂದಳು ಎಂಬುದು ಇವತ್ತು ಅರ್ಥವಾಯಿತು.

ಅವಳ ಕಂಪನಿ ಬೆಂಗಳೂರಿನಲ್ಲಿದೆ. ಮಳೆಗಾಲಕ್ಕೆ ಮನೆಗೆ ಬಂದು ಅಟ್ಟದ ಕೋಣೆಯಿಂದ ಕೆಲಸ ಮಾಡುತ್ತಿದ್ದಾಳೆ. ಏನು ಕೆಲಸ ಎಂದು ಮೂರು ವರ್ಷದಿಂದ ಕೇಳುತ್ತಿದ್ದೇನೆ. ಇವತ್ತು ಕಾಫಿ ಲೋಟ ಪಕ್ಕಕ್ಕಿಟ್ಟು ನಿಧಾನವಾಗಿ ಹೇಳಿದಳು. ಮೇಲೆ ಒಂದು ಪ್ರೋಗ್ರಾಮು ಇರುತ್ತದೆ. ಅದಕ್ಕೆ ಬೇಕಾದ್ದು ನಾಲ್ಕೇ ಮಾತು: ಈ ಹೆಸರಿನ ಫೈಲು ತೆರೆ, ಓದು, ಬರೆ, ಈ ಫೋಲ್ಡರಿನಲ್ಲಿ ಏನೇನಿದೆ ಹೇಳು. ಕೆಳಗೆ ಇರುವುದು ಏನು ಬೇಕಾದರೂ ಆಗಬಹುದು. ಲ್ಯಾಪ್‌ಟಾಪಿನ ಡಿಸ್ಕು, ಪೆನ್‌ಡ್ರೈವು, ಎಲ್ಲೋ ದೂರದ ಕ್ಲೌಡು, ಗಂಟು ಕಟ್ಟಿದ ಜಿಪ್ ಫೈಲು, ಅಥವಾ ಪರೀಕ್ಷೆಗೆಂದು ಬರೀ ಮೆಮೊರಿಯಲ್ಲಿ ಕಟ್ಟಿಕೊಂಡ ಸುಳ್ಳು ಡಿಸ್ಕು. ಮೇಲಿನವನಿಗೆ ಕೆಳಗೆ ಯಾರಿದ್ದಾರೆಂಬ ಚಿಂತೆ ಇರಬಾರದು. ನಡುವೆ ಒಂದು ಕರಾರು ಪತ್ರ ಬೇಕು. ಅದನ್ನು ಬರೆಯುವುದು ಅವಳ ಕೆಲಸ. ರಸ್ಟ್ ಎಂಬ ಭಾಷೆಯಲ್ಲಿ ಬರೆಯುತ್ತಾಳೆ. ಇಂಥ ಕರಾರಿಗೆ ಆ ಭಾಷೆಯಲ್ಲಿ ಟ್ರೇಟ್ ಎನ್ನುತ್ತಾರೆ.

ಇದು ಹಳೆಯ ವಿಚಾರವಂತೆ. ಬೇರೆ ಊರಿನ ಯಂತ್ರದಲ್ಲಿರುವ ಫೈಲನ್ನೂ ತನ್ನದೇ ಡಿಸ್ಕಿನ ಫೈಲಿನ ಹಾಗೆ ತೋರಿಸಬೇಕೆಂದು ಸನ್ ಕಂಪನಿಯವರು 1985ರ ಸುಮಾರಿಗೆ ತಮ್ಮ ಯುನಿಕ್ಸಿನೊಳಗೆ ಇಂಥದ್ದೊಂದು ನಡುವಿನ ಪದರ ಹಾಕಿದರು. ಸ್ಟೀವ್ ಕ್ಲೈಮನ್ 1986ರಲ್ಲಿ ಅದರ ಬಗ್ಗೆ ಲೇಖನ ಬರೆದರು. ಲಿನಕ್ಸಿನಲ್ಲಿ ಇವತ್ತಿಗೂ ವಿಎಫ್‌ಎಸ್ ಎಂಬ ಪದರ ಅದೇ ಕೆಲಸ ಮಾಡುತ್ತದೆ. ಗೋ ಭಾಷೆಯವರು 2021ರಲ್ಲಿ ತಮ್ಮ 1.16ನೇ ಆವೃತ್ತಿಯಲ್ಲಿ ಇಂಥದ್ದನ್ನು ತಂದಾಗ ಮೂಲ ಕರಾರಿನಲ್ಲಿ ಒಂದೇ ಒಂದು ಮಾತು ಇಟ್ಟರು: ತೆರೆ. ಬರೆಯುವುದಕ್ಕೆ ಅದರಲ್ಲಿ ಜಾಗವೇ ಇಲ್ಲ.

"ನಲವತ್ತು ವರ್ಷದಿಂದ ಬರೀತಿದ್ದಾರೆ ಅಂದ್ರೆ ಮುಗಿದಿರಬೇಕಲ್ಲ?" ಎಂದೆ.

"ಬರ್ದಿದ್ದು ಮುಗೀತು ಅಪ್ಪ. ಏನನ್ನ ಒಪ್ಕೋಬೇಕು ಅನ್ನೋದು ಮುಗ್ದಿಲ್ಲ."

ಆರಿದ್ರೆ, ಆರನೇ ದಿನ

ರಸ್ಟ್ ಎಂದರೆ ತುಕ್ಕು. ಕಬ್ಬಿಣದ ತುಕ್ಕಿನಿಂದ ಬಂದ ಹೆಸರೆಂದು ನಾನು ಅಂದುಕೊಂಡಿದ್ದೆ. ಅಲ್ಲವಂತೆ. 2006ರಲ್ಲಿ ಅದನ್ನು ತನ್ನ ಸ್ವಂತ ಕೆಲಸವಾಗಿ ಶುರು ಮಾಡಿದ ಗ್ರೇಡನ್ ಹೋರ್ ಹೆಸರು ತೆಗೆದುಕೊಂಡದ್ದು ತುಕ್ಕು ಶಿಲೀಂಧ್ರದಿಂದ. ಎಂಥ ಸ್ಥಿತಿಯಲ್ಲೂ ಬದುಕಿ ಉಳಿಯುವ ಅದರ ಗುಣಕ್ಕೆ ಮೆಚ್ಚಿ ಇಟ್ಟದ್ದು.

ತುಕ್ಕು ಶಿಲೀಂಧ್ರ! ಆ ಕುಲದ್ದೇ ಒಂದು ನಮ್ಮ ಕಾಫಿಯ ಎಲೆ ತುಕ್ಕು. ಎಲೆ ಮಗುಚಿದರೆ ಹಿಂದೆ ಕಿತ್ತಳೆ ಬಣ್ಣದ ಪುಡಿ, ಬೆರಳಿಗೆ ಅಂಟುತ್ತದೆ. ಸಿಲೋನಿನಲ್ಲಿ 1869ರಲ್ಲಿ ಗುರುತಿಸಿದ ಈ ರೋಗ ಅಲ್ಲಿನ ಕಾಫಿಯನ್ನೇ ಮುಗಿಸಿತು. ನಮ್ಮ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಿಂದ ಇರುವ ಸಂಶೋಧನಾ ಕೇಂದ್ರ ಇದನ್ನು ತಡೆಯುವ ತಳಿಗಳಿಗಾಗಿ ಹೆಣಗುತ್ತಾ ಬಂದಿದೆ. ಎಸ್ 795 ಅಲ್ಲಿಂದಲೇ ಬಂದದ್ದು. ಪ್ರತಿ ವರ್ಷ ಮಳೆಗೆ ಮುಂಚೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಸಿದ್ದೇನೆ. ಎಷ್ಟು ಡ್ರಮ್ಮು, ಎಷ್ಟು ಆಳು ಎಂದು ಬರೆದಿದ್ದೇನೆ. ಆ ಹೆಸರನ್ನು ಯಾರೋ ಪ್ರೀತಿಯಿಂದ ಒಂದು ಭಾಷೆಗೆ ಇಟ್ಟಿದ್ದಾರೆ, ನನ್ನ ಮಗಳು ಅದರಲ್ಲಿ ಅನ್ನ ಸಂಪಾದಿಸುತ್ತಿದ್ದಾಳೆ. ಇದನ್ನು ಹೇಗೆ ತೆಗೆದುಕೊಳ್ಳಬೇಕೋ ತಿಳಿಯದೆ ತೋಟದ ಕಡೆ ಹೋಗಿ ಒಂದು ಸುತ್ತು ಹಾಕಿ ಬಂದೆ.

ಆರಿದ್ರೆ, ಹತ್ತನೇ ದಿನ

ಇವತ್ತು ಅವಳ ಪರದೆಯಲ್ಲಿ ಒಂದು ಫೈಲಿನ ಹುಟ್ಟಿದ ತಾರೀಕು 1970ರ ಜನವರಿ 1 ಎಂದಿತ್ತು. ಕಳೆದ ವಾರ ಬರೆದ ಫೈಲು.

ಯುನಿಕ್ಸ್ ಸಂತತಿಯ ಯಂತ್ರಗಳು ಕಾಲವನ್ನು 1970ರ ಜನವರಿ 1ರಿಂದ ಸೆಕೆಂಡಿನಲ್ಲಿ ಎಣಿಸುತ್ತವೆ. ಆ ತಾರೀಕಿಗೆ ಅಂಕೆ ಸೊನ್ನೆ. ಆ ಫೈಲು ಇದ್ದ ಜಾಗದಲ್ಲಿ ಹುಟ್ಟಿದ ಸಮಯ ಬರೆದಿಡುವ ಏರ್ಪಾಡೇ ಇರಲಿಲ್ಲ. ನಡುವಿನ ಪದರ ಬರೆದವರು ಯಾರೋ, ಏನೂ ಗೊತ್ತಿಲ್ಲದ ಕಡೆ ಸೊನ್ನೆ ತುಂಬಿದ್ದಾರೆ. ಮೇಲಿನ ಪ್ರೋಗ್ರಾಮು ಪಾಪ, ಅದನ್ನೇ ತಾರೀಕು ಎಂದು ನಂಬಿ ತೋರಿಸಿದೆ.

ಇದನ್ನು ಕೇಳಿ ನನಗೆ ನಿಜವಾಗಿ ಸಿಟ್ಟು ಬಂತು. ಸೊನ್ನೆ ಬೇರೆ, ಖಾಲಿ ಬೇರೆ. ಮಳೆ ಪುಸ್ತಕ ಬರೆದವರಿಗೆ ಇದು ಮೊದಲ ಪಾಠ. ಮಾಪಕ ನೋಡಿದೆ, ನೀರಿರಲಿಲ್ಲ ಎಂದರೆ ಸೊನ್ನೆ. ನೋಡಲೇ ಇಲ್ಲ ಎಂದರೆ ಅಡ್ಡಗೆರೆ. ಸೊನ್ನೆ ಬರೆಯಲು ನಾನು ಗುಡ್ಡ ಹತ್ತಿ ಹೋಗಿರಬೇಕು.

2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದಾಯಿತು. ನಮ್ಮ ತಾಲ್ಲೂಕಿನಲ್ಲಿ ಮನೆಗಳು, ತೋಟಗಳು ಮಣ್ಣಾದವು. ಆ ವಾರ ಮೂರು ದಿನ ನನಗೆ ಮಾಪಕದ ಹತ್ತಿರ ಹೋಗಲು ಆಗಲಿಲ್ಲ. ಸಿಲ್ವರ್ ಓಕ್ ಮರಗಳು ಉರುಳಿ ದಾರಿ ಮುಚ್ಚಿತ್ತು. ನಾಲ್ಕನೇ ಬೆಳಗ್ಗೆ ಹೋಗಿ ನೋಡಿದರೆ ಡಬ್ಬಿ ತುಂಬಿ ಹೊರಗೆ ಚೆಲ್ಲಿತ್ತು. ಮೂರು ಅಡ್ಡಗೆರೆ ಎಳೆದು, ನಾಲ್ಕನೆಯದರಲ್ಲಿ "ಮಾಪಕ ತುಂಬಿ ಹರಿದಿದೆ" ಎಂದು ಬರೆದೆ. ಆಗ ಲೆಕ್ಕ ನೋಡುತ್ತಿದ್ದವರು, ಡಬ್ಬಿ ಹಿಡಿಯುವಷ್ಟನ್ನು ನಾಲ್ಕು ಭಾಗ ಮಾಡಿ ನಾಲ್ಕು ದಿನಕ್ಕೂ ಹಂಚಿಬಿಡು, ಪುಸ್ತಕ ಚೊಕ್ಕವಾಗಿರುತ್ತದೆ ಎಂದರು. ನಾನು ಮಾಡಲಿಲ್ಲ. ಹತ್ತಾರು ವರ್ಷ ಆದ ಮೇಲೆ ಯಾರೋ ಆ ಪುಟ ತೆಗೆದು, 2019ರ ಮಳೆ ಇಷ್ಟೇನಾ ಎನ್ನುತ್ತಾರೆ. ಅವರಿಗೆ ಸುಳ್ಳು ಹೇಳಿದವನು ನಾನಾಗಿರುತ್ತೇನೆ.

ಮಗಳು ಇದನ್ನೆಲ್ಲ ಕೇಳಿ, ರಸ್ಟಿನವರು ಈ ವಿಷಯದಲ್ಲಿ ಎಚ್ಚರ ವಹಿಸಿದ್ದಾರೆ ಎಂದಳು. ಆ ಭಾಷೆಯಲ್ಲಿ ಫೈಲು ಹುಟ್ಟಿದ ಸಮಯ ಕೇಳಿದರೆ ನೇರ ಸಮಯ ಸಿಗುವುದಿಲ್ಲ. ಸಮಯ ಅಥವಾ ದೋಷ, ಎರಡರಲ್ಲೊಂದು ಇರುವ ಲಕೋಟೆ ಸಿಗುತ್ತದೆ. ಒಡೆದು ನೋಡದೆ ಮುಂದೆ ಹೋಗಲಾಗದು. ಲಿನಕ್ಸಿನಲ್ಲಿ ಹುಟ್ಟಿದ ಸಮಯ ಕೇಳಲು ಸರಿಯಾದ ದಾರಿ ಬಂದದ್ದೇ 2017ರಲ್ಲಿ. ಪೆನ್‌ಡ್ರೈವುಗಳ ಹಳೆಯ ಫ್ಯಾಟ್ ಕ್ರಮದಲ್ಲಿ ತಿದ್ದಿದ ಸಮಯ ಎರಡೆರಡು ಸೆಕೆಂಡಿನ ಹೆಜ್ಜೆಯಲ್ಲಿ ಮಾತ್ರ ಉಳಿಯುತ್ತದೆ, 1980ಕ್ಕೆ ಹಿಂದಿನ ತಾರೀಕೇ ಅದಕ್ಕಿಲ್ಲ. ಫ್ಯಾಟ್ 32ರಲ್ಲಿ ಒಂದು ಫೈಲು 4 ಜಿಬಿ ಮುಟ್ಟುವ ಹಾಗಿಲ್ಲ. ಅದೂ ಒಂದು ಡಬ್ಬಿ, ಅದಕ್ಕೂ ಒಂದು ಬಾಯಿ.

ಹಾಗಾದರೆ ಎಲ್ಲರ ಪರವಾಗಿ ಮಾತಾಡುವ ಕರಾರು ಯಾರ ಅಳತೆಗೆ ಇರಬೇಕು? ಅತಿ ಸಣ್ಣ ಡಬ್ಬಿಯ ಅಳತೆಗೆ ಇಟ್ಟರೆ ದೊಡ್ಡದು ವ್ಯರ್ಥ. ದೊಡ್ಡದರ ಅಳತೆಗೆ ಇಟ್ಟರೆ ಸಣ್ಣದು ಚೆಲ್ಲುತ್ತದೆ, ಚೆಲ್ಲಿದ್ದು ಯಾರಿಗೂ ತಿಳಿಯುವುದಿಲ್ಲ. ರಾತ್ರಿ ಊಟದ ಹೊತ್ತಿಗೂ ಇದೇ ತಲೆಯಲ್ಲಿ.

ಪುನರ್ವಸು, ಮೊದಲ ದಿನ

ಸಂಜೆ ಕರೆಂಟು ಹೋಯಿತು. ನಾನು ಅರ್ಧ ಟೈಪು ಮಾಡಿದ್ದ ಕಳಸದ ಲೆಕ್ಕ "ಉಳಿಸಲಾಗಿದೆ" ಎಂದು ಪರದೆಯ ಮೇಲೆ ಬಂದಿತ್ತು. ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಬಹಳ ದಿನವಾಗಿದೆ. ಕರೆಂಟು ಬಂದ ಮೇಲೆ ತೆರೆದರೆ ಕೊನೆಯ ಎರಡು ತಿಂಗಳು ಇರಲಿಲ್ಲ.

"ಉಳಿಸಲಾಗಿದೆ ಅಂತ ಹೇಳಿತ್ತಲ್ಲ ಮಗಾ?"

ಅವಳು ವಿವರಿಸಿದಳು. ಬರೆ ಎಂದ ಕೂಡಲೇ ಡಿಸ್ಕಿಗೆ ಬರೆಯುವುದಿಲ್ಲ. ಮೊದಲು ಮೆಮೊರಿಯಲ್ಲಿ ಹಿಡಿದುಕೊಂಡು "ಆಯಿತು" ಎನ್ನುತ್ತದೆ, ಪುರುಸೊತ್ತಾದಾಗ ಡಿಸ್ಕಿಗೆ ಇಳಿಸುತ್ತದೆ. ನಿಜವಾಗಿ ಇಳಿದಿದೆಯೇ ಎಂದು ಗಟ್ಟಿ ಮಾಡಿಕೊಳ್ಳಲು ಎಫ್‌ಸಿಂಕ್ ಎಂಬ ಬೇರೆ ಮಾತು ಇದೆ. ಅದನ್ನು ಕೇಳಿದರೆ ನಿಧಾನವಾಗುತ್ತದೆ ಎಂದು ಬಹಳ ಮಂದಿ ಕೇಳುವುದೇ ಇಲ್ಲ.

ಕೇಳಿದರೂ ಸಾಲದೆ ಹೋದ ಕಾಲ ಇತ್ತು. 2018ರಲ್ಲಿ ಪೋಸ್ಟ್‌ಗ್ರೆಸ್ ಎಂಬ ದತ್ತಸಂಚಯ ಕಟ್ಟುವವರು ಒಂದು ಸಂಗತಿ ಕಂಡು ಬೆಚ್ಚಿಬಿದ್ದರು. ಲಿನಕ್ಸಿನಲ್ಲಿ ಎಫ್‌ಸಿಂಕ್ ಒಮ್ಮೆ ಸೋತು "ಆಗಲಿಲ್ಲ" ಎಂದಿತು ಎನ್ನಿ. ಇವರು ಇನ್ನೊಮ್ಮೆ ಪ್ರಯತ್ನಿಸೋಣ ಎಂದು ಮತ್ತೆ ಕೇಳುತ್ತಾರೆ. ಎರಡನೇ ಸಲ "ಆಯಿತು" ಎಂಬ ಉತ್ತರ ಬರಬಹುದು. ಆದರೆ ಬರೆದದ್ದು ಹೋಗಿರುತ್ತದೆ. ಮೊದಲ ಸೋಲಿನಲ್ಲೇ ಆ ಪುಟಗಳಿಗೆ "ಬರೆದಾಗಿದೆ" ಎಂಬ ಗುರುತು ಬಿದ್ದುಬಿಟ್ಟಿರುತ್ತದೆ, ಹಾಗಾಗಿ ಎರಡನೇ ಸಲ ಬರೆಯಲು ಏನೂ ಬಾಕಿ ಕಾಣುವುದಿಲ್ಲ. ಅವರು ಕೊನೆಗೆ, ಎಫ್‌ಸಿಂಕ್ ಒಮ್ಮೆ ಸೋತರೆ ಇಡೀ ವ್ಯವಸ್ಥೆಯನ್ನೇ ನಿಲ್ಲಿಸಿ, ಮುಂಚೆ ಬರೆದಿಟ್ಟ ದಿನಚರಿಯಿಂದ ಮತ್ತೆ ಕಟ್ಟಿಕೊಳ್ಳುವ ಹಾಗೆ ಮಾಡಿದರು. ಅನುಮಾನದ ಮೇಲೆ ಲೆಕ್ಕ ಮುಂದುವರಿಸುವುದಕ್ಕಿಂತ ಅಂಗಡಿ ಮುಚ್ಚಿ ಎಣಿಸುವುದು ಮೇಲು. ನಾನೂ ಅದನ್ನೇ ಮಾಡುತ್ತಿದ್ದೆ.

ರಸ್ಟಿನಲ್ಲೂ ಒಂದು ಬಿರುಕು ಇದೆಯಂತೆ, ಅದು ಅವಳನ್ನು ಕಾಡುತ್ತಿದೆ. ಬಳಸಿ ಮುಗಿದ ಫೈಲನ್ನು ಆ ಭಾಷೆ ತಾನಾಗಿ ಮುಚ್ಚುತ್ತದೆ. ಬಾಗಿಲು ಹಾಕಲು ಮರೆಯುವ ಭಯವಿಲ್ಲ. ಆದರೆ ಮುಚ್ಚುವಾಗ ಏನಾದರೂ ತಪ್ಪಾದರೆ ಹೇಳಲು ಬಾಯಿ ಇಲ್ಲ. ದೋಷ ಸುಮ್ಮನೆ ಬಿದ್ದುಹೋಗುತ್ತದೆ. ಆದ್ದರಿಂದ ಅವಳು ತನ್ನ ಕರಾರಿನಲ್ಲಿ "ಮುಗಿಸು" ಎಂಬ ಪ್ರತ್ಯೇಕ ಮಾತು ಇಟ್ಟಿದ್ದಾಳೆ. ಅದು ಫೈಲನ್ನು ಕೈಯಿಂದ ವಾಪಸ್ಸು ಪಡೆದುಕೊಂಡು, "ಇಳಿಯಿತು" ಅಥವಾ "ಇಳಿಯಲಿಲ್ಲ, ಕಾರಣ ಇದು" ಎಂದು ಉತ್ತರ ಕೊಡುತ್ತದೆ. ಉತ್ತರ ನೋಡದೆ ಬಿಟ್ಟರೆ ಕಂಪೈಲರು ಎಚ್ಚರಿಸುತ್ತದೆ. ಜೊತೆಯವರಿಗೆ ಇದು ಕಿರಿಕಿರಿ. ನನಗೆ ಇದು ಬಟವಾಡೆಯ ದಿನ ಹೆಬ್ಬೆಟ್ಟು ಒತ್ತಿಸಿಕೊಂಡ ಹಾಗೆ ಕಾಣುತ್ತದೆ. ದುಡ್ಡು ಮೇಜಿನ ಮೇಲಿಟ್ಟರೆ ಸಾಲದು, ಅದು ಆ ಕೈ ಸೇರಿತು ಎಂಬುದಕ್ಕೆ ಗುರುತು ಬೇಕು.

ಪುನರ್ವಸು, ಐದನೇ ದಿನ

ಕನ್ನಡನಾಡಿನಲ್ಲಿ ಯಾರಾದರೂ ಇಂಥ ಕೆಲಸ ಮಾಡಿದ್ದಾರೆಯೇ ಎಂದು ಕೇಳಿದೆ. ದೊಡ್ಡದೇ ಇದೆ. ಗ್ಲಸ್ಟರ್ ಎಂಬ ಫೈಲು ವ್ಯವಸ್ಥೆಯ ಎಂಜಿನಿಯರಿಂಗ್ ಬಹುಪಾಲು ನಡೆದದ್ದು ಬೆಂಗಳೂರಿನಲ್ಲಿ. ಹತ್ತಾರು ಯಂತ್ರಗಳ ಡಿಸ್ಕುಗಳನ್ನು ಒಂದೇ ಫೋಲ್ಡರಿನ ಹಾಗೆ ಕಾಣಿಸುವ ವ್ಯವಸ್ಥೆ. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಕಂಪನಿ ಅದನ್ನು 13.6 ಕೋಟಿ ಡಾಲರಿಗೆ ಕೊಂಡಿತು. ಮೂಲ ಬರಹ ಎಲ್ಲರಿಗೂ ತೆರೆದಿದೆ, ಸಿ ಭಾಷೆಯಲ್ಲಿದೆ. ಮಗಳು ಕೆಲವು ಪುಟ ತೆಗೆದು ತೋರಿಸಿದಳು.

ಅದರ ಕಟ್ಟಡ ನನಗೆ ಬಹಳ ಹಿಡಿಸಿತು. ಟ್ರಾನ್ಸ್‌ಲೇಟರ್ ಎಂಬ ಪದರಗಳು. ಪ್ರತಿ ಪದರಕ್ಕೂ ಒಂದೇ ಪಟ್ಟಿಯ ಕೆಲಸಗಳು: ಹುಡುಕು, ತೆರೆ, ಓದು, ಬರೆ, ಹೆಸರು ಬದಲಿಸು. ಪ್ರತಿ ಪದರವೂ ಮೇಲಿನವನಿಂದ ಈ ಮಾತುಗಳನ್ನು ಕೇಳಿಸಿಕೊಂಡು, ಕೆಳಗಿನವನಿಗೆ ಇದೇ ಮಾತುಗಳಲ್ಲಿ ಹೇಳುತ್ತದೆ. ಟಿಫಿನ್ ಕ್ಯಾರಿಯರಿನ ಡಬ್ಬಿಗಳ ಹಾಗೆ. ಎಲ್ಲದರ ಅಂಚೂ ಒಂದೇ ಅಳತೆ, ಆದ್ದರಿಂದ ಪಲ್ಯದ ಡಬ್ಬಿಯ ಮೇಲೆ ಸಾರಿನದು ಕೂರುತ್ತದೆ, ಸಾರಿನದರ ಮೇಲೆ ಪಲ್ಯದ್ದು ಕೂರುತ್ತದೆ. ಒಂದು ಪದರ ಎರಡು ಪ್ರತಿ ಇಡುತ್ತದೆ, ಇನ್ನೊಂದು ಹಂಚುತ್ತದೆ, ಮತ್ತೊಂದು ಓದಿದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಕಟ್ಟಕಡೆಯದು ನಿಜವಾದ ಡಿಸ್ಕಿನ ಮೇಲೆ ಇಡುತ್ತದೆ. ಆ ಡಿಸ್ಕಿನ ಜಾಗಕ್ಕೆ ಅವರು ಇಟ್ಟ ಹೆಸರು ಇಟ್ಟಿಗೆ.

ಆದರೆ ಅಂಚು ಒಂದೇ ಇದ್ದ ಮಾತ್ರಕ್ಕೆ ಒಳಗಿನದು ಒಂದೇ ಆಗುವುದಿಲ್ಲ. "ಹಿಂದಿನಿಂದ ಬರೆಯುವ" ಪದರವೊಂದಿದೆ. ಬರೆ ಎಂದರೆ ತಕ್ಷಣ "ಆಯಿತು" ಎನ್ನುತ್ತದೆ, ಆಮೇಲೆ ಕೆಳಕ್ಕೆ ಕಳಿಸುತ್ತದೆ. ಆಮೇಲೆ ತಪ್ಪಾದರೆ ಮುಂದಿನ ಸಲ ಅದೇ ಫೈಲನ್ನು ಮುಟ್ಟಿದಾಗ ದೋಷ ಒಪ್ಪಿಸುತ್ತದೆ. ಅಂಚಿನಿಂದ ನೋಡಿದರೆ ಅದೇ "ಬರೆ", ಅದೇ "ಆಯಿತು". ಅರ್ಥ ಮಾತ್ರ ಬೇರೆ.

ಇನ್ನೊಂದು ನೋಡಿ. ಯಾವ ಫೈಲು ಯಾವ ಇಟ್ಟಿಗೆಗೆ ಎಂದು ಹೇಳಲು ಗ್ಲಸ್ಟರಿನಲ್ಲಿ ಪ್ರತ್ಯೇಕ ಗುಮಾಸ್ತ ಇಲ್ಲ. ಹೆಸರಿನ ಬೈಟುಗಳನ್ನು ಒಂದು ಲೆಕ್ಕಕ್ಕೆ ಹಾಕಿದರೆ ಬರುವ ಅಂಕೆಯೇ ಜಾಗ ಹೇಳುತ್ತದೆ. ಹೆಸರು ಬದಲಿಸಿ ಹೊಸ ಅಂಕೆ ಬೇರೆ ಇಟ್ಟಿಗೆಯನ್ನು ತೋರಿಸಿದರೆ ಫೈಲನ್ನು ಹೊತ್ತು ಹಾಕುವುದಿಲ್ಲ, ಹೊಸ ಜಾಗದಲ್ಲಿ "ಅದು ಅಲ್ಲಿದೆ" ಎಂಬ ಖಾಲಿ ಗುರುತು ಫೈಲು ನೆಡುತ್ತದೆ. ಕೇಳಿದ ಕೂಡಲೇ ನನಗೆ ನೆನಪಾದದ್ದು ಕೊಟ್ಟಿಗೆಹಾರ. 33 ಬೈಟಿನದು ಒಂದು ಇಟ್ಟಿಗೆಗೆ, 36 ಬೈಟಿನದು ಬೇರೊಂದು ಯಂತ್ರದ ಬೇರೊಂದು ಇಟ್ಟಿಗೆಗೆ ಹೋಗಬಹುದಲ್ಲ. ಹೌದು, ಹೋಗಬಹುದು ಎಂದಳು.

ಪುನರ್ವಸು, ಎಂಟನೇ ದಿನ

ಅಟ್ಟದಿಂದ ಜೋರು ಮಾತು. ಕಂಪನಿಯ ಜೊತೆಗಾರರೊಂದಿಗೆ ವಾದ. "ಹೆಸರು ಬದಲಿಸು" ಎಂಬ ಒಂದು ಮಾತಿನ ಮೇಲೆ ಒಂದೂವರೆ ಗಂಟೆ!

ಡಿಸ್ಕಿನ ಮೇಲೆ ಹೆಸರು ಬದಲಿಸುವುದು ಒಂದೇ ಏಟು. ಹಳೆಯದು ಅಥವಾ ಹೊಸದು, ನಡುವೆ ಏನೂ ಕಾಣುವುದಿಲ್ಲ. ಅದಕ್ಕೇ ಜಾಣರು ಹೊಸ ಲೆಕ್ಕವನ್ನು ಬೇರೆ ಹೆಸರಿನಲ್ಲಿ ಬರೆದು, ಗಟ್ಟಿ ಮಾಡಿ, ಆಮೇಲೆ ಹಳೆಯದರ ಹೆಸರಿಗೆ ತಿರುಗಿಸುತ್ತಾರೆ. ನಡುವೆ ಕರೆಂಟು ಹೋದರೂ ಒಂದಲ್ಲ ಒಂದು ಪೂರ್ತಿ ಪುಸ್ತಕ ಉಳಿಯುತ್ತದೆ. ಸಾಮಾನ್ಯ ಕ್ಲೌಡು ಉಗ್ರಾಣಗಳಲ್ಲಿ ಈ ಒಂದೇ ಏಟು ಇಲ್ಲ. ಹೊಸ ಹೆಸರಿಗೆ ನಕಲು ಮಾಡಬೇಕು, ಹಳೆಯದನ್ನು ಅಳಿಸಬೇಕು. ಸಾವಿರ ಫೈಲಿನ ಫೋಲ್ಡರಾದರೆ ಸಾವಿರ ನಕಲು, ಸಾವಿರ ಅಳಿಸುವಿಕೆ. ಅಷ್ಟರ ಮಧ್ಯೆ ತಂತಿ ಕಡಿದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ.

ಜೊತೆಗಾರರ ಮಾತು: ಕರಾರಿನಲ್ಲೇ ಆ ನಕಲು, ಅಳಿಸುವಿಕೆಯನ್ನು ಸಿದ್ಧವಾಗಿ ಬರೆದಿಡೋಣ, ಒಂದೇ ಏಟು ಬಾರದವರು ಅದನ್ನು ಬಳಸಿಕೊಳ್ಳಲಿ, ಮೇಲಿನವನಿಗೆ ಎಲ್ಲ ಕಡೆಯೂ "ಹೆಸರು ಬದಲಿಸು" ಸಿಗುತ್ತದೆ. ಮಗಳ ಮಾತು: ಬಾರದವನು ಬಾರದು ಎನ್ನಲಿ. ಅದಕ್ಕೆ ರಸ್ಟಿನ ದೋಷಗಳ ಪಟ್ಟಿಯಲ್ಲೇ "ಈ ಸೌಲಭ್ಯ ಇಲ್ಲಿಲ್ಲ" ಎಂಬ ಬಗೆ ಇದೆ. ನಕಲು ಬೇಕಾದವನು ನಕಲು ಎಂದೇ ಕೇಳಲಿ. ಒಂದೇ ಹೆಸರಿನಲ್ಲಿ ಎರಡು ಬೇರೆ ಭರವಸೆ ಕೊಡಬಾರದು.

ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ, ಆದರೂ ಇಲ್ಲಿ ಬರೆದಿಡುತ್ತೇನೆ. ಮಗಳದೇ ಸರಿ. ಯಜಮಾನರಿಗೂ ಆಳುಗಳಿಗೂ ನಡುವೆ ನಿಂತು ಇಷ್ಟು ವರ್ಷ ಕಳೆದವನಾಗಿ ಹೇಳುತ್ತೇನೆ. ನಡುವಿನವನು ಕೆಳಗಿನವರ ಪರವಾಗಿ "ಆಗುತ್ತದೆ ಸಾರ್" ಎಂದು ಒಪ್ಪಿಕೊಂಡುಬಿಟ್ಟರೆ ಆ ಕ್ಷಣ ಎಲ್ಲರಿಗೂ ಹಿತ. ಹಣ್ಣು ಕೊಯ್ಯುವ ಕಾಲ ಬಂದಾಗ ಆಳು ಇಲ್ಲದಿದ್ದರೆ ಕಾಫಿ ಗಿಡದಲ್ಲೇ ಒಣಗುತ್ತದೆ.

ಪುನರ್ವಸು, ಹತ್ತನೇ ದಿನ

ಸಣ್ಣದೊಂದು. ಫೈಲಿನ ಹೆಸರು ಫೈಲಿನಲ್ಲಿ ಇರುವುದಿಲ್ಲ! ಯುನಿಕ್ಸ್ ಕುಲದಲ್ಲಿ ಫೈಲಿಗೊಂದು ನಂಬರು, ಅದಕ್ಕೆ ಐನೋಡ್ ಎನ್ನುತ್ತಾರೆ. ಹೆಸರು ಇರುವುದು ಫೋಲ್ಡರಿನ ಪಟ್ಟಿಯಲ್ಲಿ. ಒಂದೇ ಫೈಲಿಗೆ ಎರಡು ಹೆಸರೂ ಇರಬಹುದು. ಓದುತ್ತಿರುವಾಗಲೇ ಹೆಸರು ಅಳಿಸಿದರೆ ಹೆಸರು ಹೋಗುತ್ತದೆ, ಓದುತ್ತಿರುವವನು ಮುಚ್ಚುವ ತನಕ ಫೈಲು ಇರುತ್ತದೆ.

ಚೆಕ್‌ರೋಲಿನಲ್ಲಿ ನಾಲ್ಕು ಲಕ್ಷ್ಮಿಯರಿದ್ದರು. ಮೇಲಿನ ಲೈನಿನ ಲಕ್ಷ್ಮಿ, ದೊಡ್ಡ ಲಕ್ಷ್ಮಿ ಎಂದೆಲ್ಲ ಕರೆಯುತ್ತಿದ್ದೆವು. ಬಟವಾಡೆ ಮಾತ್ರ ನಂಬರಿನ ಮೇಲೆ. ಹೆಸರು ಹೊಡೆದು ಹಾಕಿದ ಮೇಲೂ ಬಾಕಿ ಚುಕ್ತಾ ಆಗುವ ತನಕ ನಂಬರು ಉಳಿಯುತ್ತಿತ್ತು.

ಪುಷ್ಯ, ಎರಡನೇ ದಿನ

ಫೈಲಿಗೆ ಕನ್ನಡದ ಹೆಸರು ಯಾಕೆ, ಇಂಗ್ಲಿಷಿನಲ್ಲಿ ಇಟ್ಟರೆ ಇದೆಲ್ಲ ತಾಪತ್ರಯವೇ ಇಲ್ಲವಲ್ಲ ಎಂದು ಅಣ್ಣನ ಮಗ ಫೋನಿನಲ್ಲಿ ಹೇಳಿದ. ನಾನು ಒಪ್ಪಲಿಲ್ಲ.

ತೋಟಕ್ಕೆ ಮೊದಲ ಕಂಪ್ಯೂಟರು ಬಂದಾಗ ಹೆಸರಿಗೆ ಎಂಟಕ್ಷರ, ಬಾಲಕ್ಕೆ ಮೂರು. ಎಂ, ಎ, ಎಲ್, ಇ ಎಂದು ಹೊಡೆದು ಇಟ್ಟಿದ್ದೆ. ಅದು ಮಳೆಯೋ, ಮಲೆಯೋ, ಮಾಲೆಯೋ? ಆಮೇಲೆ 1998ರಲ್ಲಿ ಬರಹ ಬಂತು, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಒಳಗಿನ ಬರಹ ಕನ್ನಡವಾಯಿತು, ಅದೂ ಆ ಫಾಂಟು ಇದ್ದ ಯಂತ್ರದಲ್ಲಿ ಮಾತ್ರ. ಹೆಸರಿನ ಚೀಟಿ ಇಂಗ್ಲಿಷಿನಲ್ಲೇ ಉಳಿಯಿತು. ನಮ್ಮ ಮೂಡಿಗೆರೆಯಲ್ಲೇ ತೋಟ ಮಾಡಿಕೊಂಡಿದ್ದ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡಕ್ಕೆ ನೆಟ್ಟಗಿನ ತಂತ್ರಾಂಶ ಬೇಕೆಂದು ಅಷ್ಟು ಒದ್ದಾಡಿದರು. 2007ರ ಏಪ್ರಿಲ್ 5ರಂದು ಹೋಗಿಬಿಟ್ಟರು. ಅವರ ಹೆಸರಿನ ಪ್ರತಿಷ್ಠಾನ ಇರುವುದು ಇದೇ ಕೊಟ್ಟಿಗೆಹಾರದಲ್ಲಿ. ಈಗ ಯೂನಿಕೋಡ್ ಬಂದು, ಫೈಲಿನ ನೆತ್ತಿಯ ಮೇಲೂ ಕನ್ನಡ ಬರೆಯಬಹುದಾದಾಗ, ಒಂದು ಒತ್ವದ ತೊಡಕಿಗೆ ಹೆದರಿ ಹಿಂದೆ ಹೋಗುವುದು ನನ್ನಿಂದಾಗದು. ತೊಡಕು ಇದ್ದರೆ ಕರಾರು ಬರೆಯುವವರು ಬಿಡಿಸಲಿ. ನನ್ನ ಮಗಳೇ ಬರೆಯುತ್ತಿದ್ದಾಳೆ.

ತೊಡಕು ಇನ್ನೂ ಇವೆ. ಲಿನಕ್ಸಿನ ಸಾಮಾನ್ಯ ಡಿಸ್ಕಿನಲ್ಲಿ ಹೆಸರಿಗೆ 255 ಬೈಟಿನ ಮಿತಿ. ಇಂಗ್ಲಿಷಿನವರಿಗೆ 255 ಅಕ್ಷರ. ನಮಗೆ ಮೂರರಲ್ಲಿ ಒಂದು ಪಾಲು, 85 ಚಿಹ್ನೆ. ಅದರಲ್ಲೂ ಗುಡಿಸು, ಕೊಂಬು, ಹಲಂತ ಎಲ್ಲ ಎಣಿಕೆಗೆ ಬರುತ್ತವೆ. ಯಾರಾದರೂ ಅವಸರದಲ್ಲಿ 255ಕ್ಕೆ ಕತ್ತರಿ ಹಾಕಿದರೆ ಅಕ್ಷರ ಕಾಲು ಮುರಿದುಕೊಂಡು ಬೀಳುತ್ತದೆ. ಬಣಕಲ್ ನಿರ್ಭಯ ಎಂದುಕೊಂಡಿದ್ದೆ, ಅದೂ ಅಲ್ಲ. "ಬಣಕಲ್‌ನ ಮಳೆ" ಎಂದು ಬರೆಯುವಾಗ ಲ್ ಮತ್ತು ನ ಕೂಡಿ ಒತ್ತಕ್ಷರವಾಗದಿರಲೆಂದು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತೇವೆ. ಅದಕ್ಕೂ 3 ಬೈಟ್. ಬರೀ "ಬಣಕಲ್" ಬರೆದಾಗ ಅಭ್ಯಾಸಬಲದಿಂದ ಕೊನೆಗೆ ಅದು ಬಿದ್ದುಬಿಟ್ಟರೆ 15 ಬೈಟಿನ ಬಣಕಲ್ ಒಂದು, 18 ಬೈಟಿನ ಬಣಕಲ್ ಇನ್ನೊಂದು. ಇದು ಒತ್ವದ ಹಾಗೆ ಯೂನಿಕೋಡಿನ ಸಮ ರೂಪವೂ ಅಲ್ಲ. ಯಾವ ಯಂತ್ರವೂ ಇವೆರಡನ್ನು ಒಂದೆಂದು ಹೇಳಬೇಕಾಗಿಲ್ಲ.

ಪುಷ್ಯ, ಏಳನೇ ದಿನ

ಮಗಳ ಕರಾರಿನಲ್ಲಿ ಹೆಸರಿನ ಬಗ್ಗೆ ಒಂದು ತೀರ್ಮಾನವಾಗಿದೆ. ಕೊಟ್ಟ ಹೆಸರನ್ನು ನಡುವಿನ ಪದರ ತಿದ್ದುವಂತಿಲ್ಲ. 33 ಕೊಟ್ಟರೆ 33 ವಾಪಸ್ಸು, 36 ಕೊಟ್ಟರೆ 36. ಎರಡನ್ನೂ ಒಂದೆಂದು ಕಾಣುವ ಡಿಸ್ಕುಗಳೂ ಇವೆ, ಬೇರೆಂದು ಕಾಣುವವೂ ಇವೆ. ಆದ್ದರಿಂದ ಕೆಳಗಿನವನನ್ನು ಮೊದಲೇ ಕೇಳುವ ಒಂದು ಪ್ರಶ್ನೆ ಇಟ್ಟಿದ್ದಾಳೆ: ಎರಡು ರೂಪವನ್ನು ಒಂದೇ ಹೆಸರೆಂದು ಹಿಡಿಯುತ್ತೀಯಾ? ಪರೀಕ್ಷೆಗೆ ಹಾಕಿಕೊಂಡಿರುವ ಹೆಸರು ಕೊಟ್ಟಿಗೆಹಾರ, ಎರಡೂ ರೂಪದಲ್ಲಿ. ಕಂಪನಿಯವರು ಯಾರೂ ಈ ಊರು ನೋಡಿದವರಲ್ಲ. ದಿನಕ್ಕೆ ಎಷ್ಟೋ ಸಲ ಅವರ ಯಂತ್ರಗಳಲ್ಲಿ ಅದರ ಹೆಸರು ಓಡುತ್ತಿದೆ.

ಆ ಪ್ರಶ್ನೆಗೆ ಹೌದು, ಇಲ್ಲ ಎರಡೇ ಉತ್ತರ ಇಟ್ಟಿದ್ದಳು. ದೂರದ ಯಂತ್ರದ ಡಿಸ್ಕು ಯಾವ ಜಾತಿಯೋ ತಿಳಿಯದವನು ಏನು ಹೇಳಬೇಕು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಮೂರನೆಯದನ್ನು ಸೇರಿಸಿದಳು: ಗೊತ್ತಿಲ್ಲ.

ಒಂದರಲ್ಲಿ ಮಾತ್ರ ನಾವಿಬ್ಬರೂ ಒಪ್ಪಿಲ್ಲ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡನೇ ಹೆಸರು ಬಂದಾಗ ಕರಾರೇ ಎಚ್ಚರಿಸಬೇಕು ಎಂಬುದು ನನ್ನ ವಾದ. ಅದು ಮೇಲಿನ ಪ್ರೋಗ್ರಾಮಿನ ಕೆಲಸ, ನಡುವಿನವನು ಕಣ್ಣಿನ ವ್ಯವಹಾರಕ್ಕೆ ಹೋಗಬಾರದು ಎಂಬುದು ಅವಳದು.

ಪುಷ್ಯ, ಹತ್ತನೇ ದಿನ

ಎರಡು ಕೊಟ್ಟಿಗೆಹಾರವನ್ನು ಅಕ್ಕಪಕ್ಕ ತೆರೆದು ಇವತ್ತು ಸಾಲು ಸಾಲಾಗಿ ಹೋಲಿಸಿದೆ. ಹೆಸರು ಎರಡಾದದ್ದೇ ಒಳ್ಳೆಯದಾಯಿತು. ಒಂದೇ ಆಗಿದ್ದರೆ ಮಂಗಳೂರಿನದು ಬಂದು ನನ್ನದರ ಮೇಲೆ ಕೂತುಬಿಡುತ್ತಿತ್ತು, ಬಣಕಲ್, ಮೂಡಿಗೆರೆಯಲ್ಲಿ ಆದ ಹಾಗೆ.

ಒಂದು ಜುಲೈನಲ್ಲಿ ನನ್ನ ಫೈಲಿನಲ್ಲಿ ಐದು ದಿನ ಖಾಲಿ ಇವೆ. ಅವನ ಫೈಲಿನಲ್ಲಿ ಐದು ಸೊನ್ನೆ.

ಫೋನು ಮಾಡಿದೆ. "ಖಾಲಿ ಬಿಟ್ರೆ ಚೆನ್ನಾಗಿ ಕಾಣಲ್ಲ ಚಿಕ್ಕಪ್ಪ, ಅದಕ್ಕೆ ಸೊನ್ನೆ ಹಾಕ್ದೆ. ಆದ್ರೆ ಪುಸ್ತಕದಲ್ಲೇ ಸೊನ್ನೆ ಇತ್ತೋ ಏನೋ, ಈಗ ನೆನಪಿಲ್ಲ." ನಾನು ಖಾಲಿ ಬಿಟ್ಟದ್ದು ಅಲ್ಲಿ ಅಡ್ಡಗೆರೆ ಇದ್ದದ್ದಕ್ಕೋ, ಟೈಪು ಮಾಡುವಾಗ ಬಿಟ್ಟುಹೋದದ್ದಕ್ಕೋ, ನನಗೂ ಈಗ ಖಾತ್ರಿಯಿಲ್ಲ. ಜುಲೈನಲ್ಲಿ ಕೊಟ್ಟಿಗೆಹಾರದಲ್ಲಿ ಐದು ದಿನ ಒಂದು ಹನಿಯೂ ಬೀಳಲಿಲ್ಲ ಎಂದರೆ ನಂಬುವುದು ಕಷ್ಟ. ನಂಬುವುದು ಕಷ್ಟ ಎಂದು ನಾನೇ ತಿದ್ದುವ ಹಾಗೂ ಇಲ್ಲ.

ಮೂಲ ಪುಸ್ತಕವನ್ನು ಮೇ ತಿಂಗಳಲ್ಲೇ ವಾಪಸ್ಸು ಕೊಟ್ಟಾಗಿದೆ. ಮಳೆ ಸ್ವಲ್ಪ ಬಿಟ್ಟ ಕೂಡಲೇ ಕೊಟ್ಟಿಗೆಹಾರಕ್ಕೆ ಹೋಗಿ ಆ ಪುಟ ನೋಡಬೇಕು. ಬಣಕಲ್, ಮೂಡಿಗೆರೆಯ ಪುಸ್ತಕಗಳನ್ನೂ ಮತ್ತೆ ಕೇಳಬೇಕು. ಅಲ್ಲಿಯ ತನಕ ಎರಡೂ ಫೈಲು ಹಾಗೇ ಇರುತ್ತವೆ.